ಎಂಟು ಕಾಲಿನ ಆಪ್-ಆಂಪ್

ಚಿತ್ತಾಪುರದ ಒಂದು ಆಫೀಸಿನಲ್ಲಿ ಗುಮಾಸ್ತಿಕೆ ನನ್ನ ಕೆಲಸ. ಆಂಪ್ಲಿಫೈಯರ್ ಕಟ್ಟುವುದು ಹುಚ್ಚು. ಕಟ್ಟಿದವುಗಳಲ್ಲಿ ಕೆಲವು ಹಾಡುತ್ತವೆ. ಉಳಿದವು ಮಂಚದ ಕೆಳಗಿವೆ.

ದಂಡೋತಿಯಲ್ಲಿ, ತಂಗಿಯ ಗಂಡನ ಮನೆಯಲ್ಲಿ, ಅವಳ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ನಮ್ಮವರಲ್ಲಿ ತೊಟ್ಟಿಲ ಹಾಡು ಅಂದರೆ ಅವ್ವ. ಆದರೆ ಗಂಟಲಿನ ಬೇನೆಯಾದ ಮೇಲೆ ಅವಳ ದನಿ ಬಿದ್ದುಹೋಗಿತ್ತು. "ಈ ಸಲ ನಾ ಒಲ್ಲೆಪ್ಪಾ" ಅಂದಳು. ಸ್ವಂತ ಮೊಮ್ಮಗಳ ತೊಟ್ಟಿಲಿಗೆ ಅವಳೇ ಹಾಡದಿದ್ದರೆ ಹೇಗೆ? ನನಗೆ ಸಂಕಟವಾಯಿತು. ಸಂಕಟವಾದಾಗ ನಾನು ಸೋಲ್ಡರಿಂಗ್ ಐರನ್ ಕಾಯಿಸುತ್ತೇನೆ.

ಅವಳಿಗೆಂದೇ ಒಂದು ಆಂಪ್ಲಿಫೈಯರ್ ಕಟ್ಟಿದೆ. ಹಾಡು ನಿಂತ ಕೂಡಲೇ ಮೈಕು ತಾನೇ ಬಂದ್ ಆಗಬೇಕು, ಇಲ್ಲದಿದ್ದರೆ ಹೆಂಗಸರ ಹರಟೆಯೆಲ್ಲ ಓಣಿಗೆ ಕೇಳುತ್ತದೆ. ಅದಕ್ಕೆ ಕಂಪ್ಯಾರೇಟರ್ ಎಂಬ ಐಸಿ ಬೇಕು. ದನಿ ಬರುತ್ತಿದೆಯೇ ಎಂದು ಹೋಲಿಸಿ ನೋಡಿ, ಹೌದು ಅಥವಾ ಇಲ್ಲ ಎನ್ನುವುದಷ್ಟೇ ಅದರ ಕೆಲಸ. ಶಹಾಬಾದಿನ ಅಂಗಡಿಯಲ್ಲಿ ಅದು ಇರಲಿಲ್ಲ. ಅಂಗಡಿಯವನು ಅದರ ಬದಲಿಗೆ ಆಪ್-ಆಂಪ್ ಎಂಬ, ದನಿ ಹಿಗ್ಗಿಸುವ ಇನ್ನೊಂದು ಐಸಿ ತೆಗೆದಿಟ್ಟ.

"ಇದ ಒಯ್ರಿ. ಅದಕ್ಕೂ ಎಂಟ ಕಾಲು, ಇದಕ್ಕೂ ಎಂಟ ಕಾಲು."

"ಕಾಲು ಎಣಿಸಿ ಐಸಿ ತಗೋತಾರೇನ್ರಿ?"

"ನಾ ಹಂಗೇ ಮಾರಲಿಕತ್ತೀನ್ರಿ. ಯಾರೂ ತಿರುಗಿ ಬಂದಿಲ್ಲ."

ಯಾಕೆ ಬಂದಿಲ್ಲ ಎಂದು ನಾನು ಯೋಚಿಸಬೇಕಿತ್ತು.

ಆಮೇಲೆ ತಿಳಿದದ್ದು ಇಷ್ಟು: ಆಪ್-ಆಂಪ್ ಹೌದು ಎನ್ನುವುದನ್ನು ಸರಿಯಾಗಿಯೇ ಹೇಳುತ್ತದೆ. ಇಲ್ಲ ಎನ್ನಲು ಹನ್ನೆರಡು ವೋಲ್ಟಿನವರೆಗೆ ಏರಬೇಕು, ಹತ್ತೂವರೆಗೇ ನಿಂತುಬಿಡುತ್ತದೆ. ಹಾಗಾಗಿ ಮೈಕಿಗೆ ಕರೆಂಟು ಬಿಡುವ ಮುಂದಿನ ಟ್ರಾನ್ಸಿಸ್ಟರ್ ಆಫ್ ಆಗುವುದೇ ಇಲ್ಲ. ಇಲ್ಲ ಎನ್ನಲು ಬಾರದವರು ನಮ್ಮ ಬೀಗರಲ್ಲೂ ಇದ್ದಾರೆ. ಮನೆಯಲ್ಲಿ ಒಬ್ಬನೇ ಕೂತು ಪರೀಕ್ಷೆ ಮಾಡಿದ್ದೆ. ನಾನು ಹಾಡು ನಿಲ್ಲಿಸಿದರೆ ಸ್ಪೀಕರೂ ಸುಮ್ಮನಾಗುತ್ತಿತ್ತು. ಒಬ್ಬನೇ ಇರುವ ಮನೆಯಲ್ಲಿ ಇನ್ನೇನು ಸದ್ದು ಬರಬೇಕು ಎಂಬುದು ನನಗೆ ಹೊಳೆಯಲಿಲ್ಲ.

ದಂಡೋತಿಯಲ್ಲಿ ಅವ್ವ ತೊಟ್ಟಿಲ ಪಕ್ಕ ಕೂತು ಮೊದಲ ಸೊಲ್ಲು ಎತ್ತಿದಳು. ಓಣಿಯ ತುದಿಗೂ ಕೇಳಿತು. ನನಗೆ ಎದೆ ಉಬ್ಬಿತು.

ಒಬ್ಬಳು ಸೊಲ್ಲು ಎತ್ತಬೇಕು, ಉಳಿದವರು ಅದನ್ನೇ ತಿರುಗಿ ಹಾಡಬೇಕು. ತೊಟ್ಟಿಲ ಹಾಡಿನ ಪದ್ಧತಿಯೇ ಅದು. ಅಂದು ಯಾರೂ ಬಾಯಿ ತೆರೆಯಲಿಲ್ಲ. ಎದುರಿಗೆ ಮೈಕು ಕಂಡಿದ್ದೇ ಎಲ್ಲರೂ ಸೆರಗು ಸರಿಮಾಡಿಕೊಂಡು, ಭಾಷಣಕ್ಕೆ ಬಂದವರಂತೆ ಕೂತರು. ಅವ್ವನೇ ಸೊಲ್ಲು ಎತ್ತಿದಳು, ಅವಳೇ ತಿರುಗಿ ಹಾಡಿದಳು. ಎರಡನೇ ಹಾಡಿನ ಹೊತ್ತಿಗೆ ಅವಳ ಕತ್ತಿನ ನರಗಳು ಉಬ್ಬಿದ್ದವು. ನಾನು ವಾಲ್ಯೂಮ್ ಏರಿಸಿದೆ.

ಹಾಡು ಮುಗಿಯಿತು. ಮೈಕು ಬಂದ್ ಆಗಲಿಲ್ಲ. ಅವ್ವ ಪಕ್ಕದಲ್ಲಿದ್ದ ಚಿಗವ್ವನ ಕಿವಿಯಲ್ಲಿ ಹೇಳಿದ್ದು ಸ್ಪೀಕರಿನಿಂದ ಬಂತು.

"ಮೈಕ್ ಬಂದು ಎಲ್ಲಾರ ಬಾಯಿ ಮುಚ್ಚಿಸ್ತು ನೋಡವಾ. ಒಬ್ಬಾಕಿನೇ ಹಾಡಿ ಗಂಟಲ ಹರಿಲಿಕತ್ತದ. ಮಗ ಭಾಳ ಆಸೆಪಟ್ಟು ಮಾಡ್ಯಾನ, ಬ್ಯಾಡ ಅಂತ ಹ್ಯಾಂಗ ಅನ್ಲಿ?"

ಇಡೀ ಓಣಿಗೆ ಕೇಳಿತು. ನನಗೂ ಕೇಳಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಡುಗೆಮನೆಯಿಂದ ತಂಗಿಯ ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ನೀವು ಸೊಲ್ಲ ಎತ್ರಿ ಬೀಗತಿ, ನಾವು ಸತ್ತೀವೇನು?" ಎಂದು ತೊಟ್ಟಿಲ ಹಗ್ಗ ಹಿಡಿದರು. ಕೂತ ಹೆಂಗಸರೆಲ್ಲ ಮುಂದೆ ಸರಿದರು. ಅವ್ವ ಮೆಲ್ಲಗೆ ಸೊಲ್ಲು ಎತ್ತಿದಳು, ಅಷ್ಟೂ ಜನ ತಿರುಗಿ ಹಾಡಿದರು. ಆ ಗದ್ದಲದಲ್ಲಿ ಅವ್ವನ ದನಿ ಯಾವುದೆಂದು ನನಗೆ ತಿಳಿಯಲಿಲ್ಲ. ಅವಳು ನಗುತ್ತ ಹಾಡುತ್ತಿದ್ದಳು.

ನಾನು ಹೋಗಿ ಪ್ಲಗ್ ಕಿತ್ತೆ. ಯಾರಿಗೂ ಗೊತ್ತಾಗಲಿಲ್ಲ.