ಚಾಡಿಕೋರ ಮಂಚ

ಕಿರ್ರ್ ಎಂದು ಕಿಟಕಿ ಪಕ್ಕದ ಮಂಚ ಸದ್ದು ಮಾಡಿದರೆ ಸಾಕು, ದೊಡ್ಡಕ್ಕ ಕೈಲಿದ್ದುದನ್ನು ಅಲ್ಲೇ ಇಟ್ಟು, "ಯಾರಪ್ಪಾ ಏಳ್ತಿರೋದು? ಬಂದೆ, ಬಂದೆ" ಎನ್ನುತ್ತಾ ಹೊರಟುಬಿಡುತ್ತಿದ್ದಳು.

ಮೂಳೆ ವಾರ್ಡಿನ ಹಿರಿಯ ನರ್ಸ್ ಅವಳು. ರೋಗಿಗಳಿಗೆ, ಡಾಕ್ಟರಿಗೆ, ನೆಲ ಗುಡಿಸುವವರಿಗೆ, ಎಲ್ಲರಿಗೂ ದೊಡ್ಡಕ್ಕ. ಬಿದ್ದು ಬಂದವರು ಇಲ್ಲಿ ಮತ್ತೆ ಬೀಳಬಾರದು ಎಂಬುದೊಂದೇ ಅವಳ ಹಟ. ನಡೆಯುತ್ತಲೇ ಮಂಚದ ಗಾಲಿಗಳ ಬ್ರೇಕನ್ನು ಕಾಲಿನಿಂದ ಒತ್ತಿ ನೋಡುವಳು. ಒದ್ದೆ ನೆಲ ಕಂಡರೆ ಯಾರನ್ನೂ ಕರೆಯದೆ ತಾನೇ ಒರೆಸುವಳು. ಮಂಚದಡಿ ಸೇರಿದ ಚಪ್ಪಲಿಗಳನ್ನು ಎಳೆದು ಕಾಲಿಗೆ ಸಿಗುವಂತೆ ಜೋಡಿಸುವಳು. ಮನೆಯಲ್ಲೂ ಇದೇ ಚಟ. "ನಮ್ಮಮ್ಮ ಮದುವೆಗೆ ಹೋದ್ರೂ ಹೆಣ್ಣು-ಗಂಡನ್ನ ನೋಡಲ್ಲ, ನೆಲ ನೋಡ್ತಾಳೆ" ಎಂದು ಮಗಳು ಆಡಿಕೊಳ್ಳುತ್ತಿದ್ದಳು.

ಕಿಟಕಿ ಮಂಚದ ಕೀಲಿಗೆ ಎಣ್ಣೆ ಹಾಕಲು ಬಂದ ರಿಪೇರಿಯವನನ್ನು ಅವಳು ಪ್ರತಿಸಲವೂ ಹಾಗೆಯೇ ವಾಪಸ್ ಕಳಿಸಿದ್ದಳು. ಅಲ್ಲಿ ಮಲಗಿದವರು ಎದ್ದು ಕೂತರೆ ಕೀಲು ಕೂಗಬೇಕು, ಅದು ಇವಳಿಗೆ ಕೇಳಬೇಕು. ಕರೆಗಂಟೆ ಒತ್ತದ ಹಟಮಾರಿಗಳಿಗೆಂದೇ ಆ ಮಂಚ ಮೀಸಲು. ಮಾತಿನಮಲ್ಲಿ ಎಂದು ಹೆಸರು ಪಡೆದಿದ್ದ ಜೊತೆಯ ನರ್ಸ್ ಅದನ್ನು 'ಚಾಡಿಕೋರ' ಎಂದು ಕರೆಯುತ್ತಿದ್ದಳು.

ಈಗ ಆ ಮಂಚದಲ್ಲಿದ್ದವರು ಮೆಷಿನ್ ತಾತ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಲೇ ತಲೆ ನರೆತವರು. ಅಂಗಡಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಚೆನ್ನಾಗಿ ಆಗಿತ್ತು. ಆದರೆ ಇನ್ನೊಮ್ಮೆ ಬಿದ್ದರೆ ನಡೆಯುವ ಆಸೆಯನ್ನೇ ಬಿಡಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ದೊಡ್ಡಕ್ಕ ಗಂಟೆಯ ಗುಂಡಿಯನ್ನು ಅವರ ದಿಂಬಿಗೇ ಪಿನ್ನು ಹಾಕಿ ಸಿಕ್ಕಿಸಿ, "ಏನೇ ಬೇಕಾದ್ರೂ ಇದನ್ನ ಒತ್ತಿ" ಎಂದಿದ್ದಳು. ತಾತ ಒಳ್ಳೆ ಮಗುವಿನಂತೆ ತಲೆಯಾಡಿಸಿದ್ದರು. ಒತ್ತಿದ್ದು ಮಾತ್ರ ಒಮ್ಮೆಯೂ ಇಲ್ಲ.

ಒಂದು ಮಧ್ಯಾಹ್ನ ಊಟದ ತಟ್ಟೆಗಳು ಹೋಗಿ ವಾರ್ಡು ಮಂಪರಿನಲ್ಲಿತ್ತು. ಚಾಡಿಕೋರ ತುಟಿ ಬಿಚ್ಚಿರಲಿಲ್ಲ. ಆ ಮೌನವೇ ಯಾಕೋ ಸರಿಬಾರದೆ ದೊಡ್ಡಕ್ಕ ಹೋಗಿ ಪರದೆ ಸರಿಸಿದಳು. ತಾತ ಎದ್ದು ನಿಂತಿದ್ದರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಗಾಳಿಯಲ್ಲಿ. ಕೋಲು ಆಚೆ ಮೂಲೆಯಲ್ಲಿತ್ತು. ಕಾಲು ತರತರ ನಡುಗುತ್ತಿತ್ತು.

ಅವಳು ಕೂಗಲಿಲ್ಲ. ಕೂಗಿದರೆ ತಿರುಗುತ್ತಾರೆ, ತಿರುಗಿದರೆ ಬೀಳುತ್ತಾರೆ. ಮೆಲ್ಲಗೆ ಪಕ್ಕಕ್ಕೆ ಬಂದು, ಬೆನ್ನಿಗೆ ಕೈ ಬಳಸಿ ಹಿಡಿದ ಮೇಲೆಯೇ, "ಎಲ್ಲಿಗೆ ಸವಾರಿ, ತಾತ?" ಎಂದಳು.

"ಇಲ್ಲೇ, ಬಚ್ಚಲಿಗೆ."

ಕರೆದೊಯ್ದು, ಕರೆತಂದು, ಮಂಚದಲ್ಲಿ ಕೂರಿಸಿದಳು. ಆಮೇಲೆ ಬಗ್ಗಿ ಮಂಚದ ಕೀಲನ್ನು ಅಲುಗಿಸಿ ನೋಡಿದಳು.

"ಈ ಮಂಚ ಯಾಕೆ ಕೂಗಲಿಲ್ಲ?"

ತಾತನ ಮುಖ ಅರಳಿತು. "ಎಣ್ಣೆ ಬಿಟ್ಟೆ ಕಣಮ್ಮ! ಪಕ್ಕದವರಿಗೆ ಪಾಪ ನಿದ್ದೆ ಇಲ್ಲ. ಅಂಥ ಸದ್ದು ಕೇಳ್ಕೊಂಡು ಸುಮ್ನಿರೋಕೆ ನನ್ನ ಕೈಲೂ ಆಗಲ್ಲ. ಮಗಳ ಹತ್ರ ನನ್ನ ಎಣ್ಣೆ ಡಬ್ಬಿ ತರಿಸ್ಕೊಂಡೆ. ಈಗ ನೋಡು, ಬೆಣ್ಣೆ!"

ದೊಡ್ಡಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಒಳ್ಳೇದು ಮಾಡೋಕೆ ಹೋಗಿ ನನ್ನ ಕಿವೀನೇ ಕಿತ್ಕೊಂಡ್ರಲ್ಲ, ತಾತ! ಹೋಗ್ಲಿ, ಗಂಟೆ ಯಾಕೆ ಒತ್ತಲ್ಲ?"

ತಾತ ಹೊದಿಕೆಯ ಅಂಚನ್ನು ಮಡಿಸಿದರು, ಬಿಚ್ಚಿದರು. "ಕರೆಗಂಟೆ ಹೊಡ್ದಾಗೆಲ್ಲ ನೀನು 'ಅಯ್ಯೋ ಅಮ್ಮಾ' ಅಂತೀಯ. ಇಲ್ಲಿಗೆ ಕೇಳ್ಸುತ್ತೆ. ಮೊದಲೇ ಅಷ್ಟು ಜನ ನಿನ್ನ ಜೀವ ಹಿಂಡ್ತಾರೆ. ಅವರ ಜೊತೆ ನಾನೂ ಒಬ್ಬ ಯಾಕೆ ಅಂತ."

ಅವಳು ಅವರ ಪಕ್ಕದಲ್ಲೇ ಕುಳಿತುಬಿಟ್ಟಳು. ಸೊಂಟ ಮುರಿದ ಈ ಮನುಷ್ಯ ಇಷ್ಟು ದಿನ ತನಗಾಗಿ ಒಬ್ಬನೇ ಎದ್ದು ನಿಲ್ಲುತ್ತಿದ್ದನೇ!

"ಅದು ನಿಮಗೆ ಅಂದಿದ್ದಲ್ಲ ತಾತ, ನನ್ನ ಮಂಡಿಗೆ. ಕುರ್ಚಿಯಿಂದ ಏಳುವಾಗ ಹಿಡ್ಕೊಳ್ಳುತ್ತೆ, ಬಾಯಿಗೆ ತಾನಾಗೇ ಬಂದ್ಬಿಡುತ್ತೆ."

"ಮಂಡಿಗಾ?"

"ಹ್ಞೂಂ. ನಿಮ್ಮ ಹಳೇ ಮೆಷಿನ್‌ಗಳ ಹಾಗೇ, ಸವೆದಿದೆ."

"ಹಾಗಾದ್ರೆ ಅದಕ್ಕೂ ಎರಡು ಹನಿ..."

"ಡಬ್ಬಿ ಮುಟ್ಟಿದ್ರೆ ನೋಡಿ ಮತ್ತೆ!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಅವರ ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟಳು. "ನೀವು ಬಿದ್ರೆ ನನ್ನ ಜೀವ ಹಿಂಡಿದ ಹಾಗೆ. ಕರೆದ್ರೆ ಅಲ್ಲ." ತಾತ ತಲೆಯಾಡಿಸಿದರು. ಆದರೆ ಅವರು ತಲೆಯಾಡಿಸುವುದು ಹೊಸದೇನಲ್ಲವಲ್ಲ.

ಅವಳು ಕೀಲಿನ ಎಣ್ಣೆಯನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದಳು. ತಾತನ ಕೈಗುಣ ದೊಡ್ಡದು, ಮಂಚ ಬಾಯಿ ಬಿಡಲೇ ಇಲ್ಲ.

ಮರುದಿನ ಮಧ್ಯಾಹ್ನ ಮಾತಿನಮಲ್ಲಿ ಶುರುಮಾಡಿದಳು. "ಅಕ್ಕಾ, ತಾತನ್ನ ನಿಮ್ಮ ಮೇಜಿನ ಎದುರಿನ ಮಂಚಕ್ಕೇ ಹಾಕಿಸಿಬಿಡಿ. ಆ ಚಾಡಿಕೋರ ಈಗ ಮೂಗಬಸವ, ಅದನ್ನ ಇನ್ನು ನಂಬೋ ಹಾಗಿಲ್ಲ."

"ಆಗಲೇ ಹೇಳಿದ್ದೀನಿ, ಸಂಜೆ ಆ ಮಂಚ ಖಾಲಿ ಆಗುತ್ತೆ. ಅಲ್ಲೀವರೆಗೆ..." ದೊಡ್ಡಕ್ಕನ ಕಣ್ಣು ಪರದೆಯ ಮೇಲೆಯೇ ಇತ್ತು.

"ಅಲ್ಲೀವರೆಗೆ ಅವರು ಕರೀತಾರೆ ಅಂತೀರಾ? ನಂಗಂತೂ..."

ಗಂಟೆ ಹೊಡೆಯಿತು. ಗೋಡೆಯ ಫಲಕದಲ್ಲಿ ಕಿಟಕಿ ಮಂಚದ ದೀಪ ಕೆಂಪಗೆ ಉರಿಯಿತು.

ದೊಡ್ಡಕ್ಕ ಮೇಜಿಗೆ ಕೈಯೂರಿ ಎದ್ದಳು. ಮಂಡಿ ಹಿಡಿಯಿತು. ಗಂಟಲವರೆಗೆ ಬಂದ 'ಅಯ್ಯೋ'ವನ್ನು ತುಟಿ ಕಚ್ಚಿ ನುಂಗಿದಳು.

"ಅಕ್ಕಾ, ನಾನು ಹೇಳ್ತಿದ್ದಿದ್ದು ಏನಂದ್ರೆ..."

"ಬಂದೆ ತಾತಾ!" ಎನ್ನುತ್ತಾ ಅವಳು ಆಗಲೇ ಪರದೆಯ ಕಡೆಗೆ ಹೊರಟಿದ್ದಳು.