ಹಳಸಿದ ಸಾಂಬಾರು ಮತ್ತು ಬಾಯಿಜೋರು

ಮೂಡಲಪಾಳ್ಯದ ನಮ್ಮ ರಸ್ತೆಯಲ್ಲಿ ಮರ್ಯಾದೆಗೆಟ್ಟವರನ್ನು ಬಯ್ಯಲು ಪದಗಳ ಬರ ಇರಲಿಲ್ಲ. ಕೊಬ್ಬು, ಧಿಮಾಕು, ತಿಮಿರು, ಗಾಂಚಾಲಿ, ಬಾಯಿಜೋರು. ಬೆಳಿಗ್ಗೆ ಸೊಪ್ಪಿನ ಗಾಡಿ ಬಂದಾಗ ಗೇಟಿನ ಬಳಿ ಸೇರುತ್ತಿದ್ದ ನಾವು ನಾಲ್ಕು ಮನೆಯ ಹೆಂಗಸರು ದಂಟಿನ ಸೊಪ್ಪಿಗಿಂತ ಹೆಚ್ಚಾಗಿ ಇವನ್ನೇ ಆರಿಸಿಕೊಳ್ಳುತ್ತಿದ್ದೆವು. ಆಟೋದವನಿಗೆ ಧಿಮಾಕು, ಸಿಲಿಂಡರ್ ತರುವವನಿಗೆ ತಿಮಿರು, ಬಾಡಿಗೆಯವರ ಮಗಳಿಗೆ ಕೊಬ್ಬು. ಮೂಲೆಮನೆಯ ಓನರಮ್ಮ ಮಾತ್ರ ಪೋಸ್ಟಿನವನನ್ನೂ "ಏಯ್" ಎಂದೇ ಕರೆಯುತ್ತಿದ್ದರು. ಅದಕ್ಕೆ ನಮ್ಮಲ್ಲಿದ್ದ ಪದ ಬೇರೆ: "ಅವರದು ನೇರ ಮಾತು ಕಣ್ರೀ."

ಎರಡು ಸಾವಿರದ ಆರನೆಯ ಇಸವಿ ಇರಬೇಕು. ನಮ್ಮ ನಾಲ್ಕೂ ಮನೆಯ ಪಾತ್ರೆ ತೊಳೆಯಲು ರಾಯಚೂರಿನ ಕಡೆಯ ಹೆಂಗಸೊಬ್ಬಳು ಬರುತ್ತಿದ್ದಳು. ಗಂಡ ಗಾರೆ ಕೆಲಸದವನು, ಎರಡು ಹೆಣ್ಣುಮಕ್ಕಳು, ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಒಂದು ಶೀಟಿನ ಮನೆ. ಅಲ್ಲಿಂದ ನಡೆದೇ ಬರುತ್ತಿದ್ದಳು. ನಮ್ಮ ನಾಲ್ಕು ಮನೆ ಬಿಟ್ಟರೆ ಅವಳಿಗೆ ಬೇರೆ ಕೆಲಸ ಇರಲಿಲ್ಲ.

ಶನಿವಾರ ಫ್ರಿಜ್ ಒರೆಸುವ ದಿನ. ವಾರವಿಡೀ ಉಳಿದದ್ದನ್ನೆಲ್ಲ ಒಂದು ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಒಗೆಯುವ ಕಲ್ಲಿನ ಮೇಲೆ ಇಟ್ಟುಬಿಡುವುದು, ಅವಳು ಒಯ್ಯುವುದು. ಎಲ್ಲ ಮನೆಯಲ್ಲೂ ಇದೇ ರೂಢಿ. ನಾನೂ ಇಡುತ್ತಿದ್ದೆ. ಒಂದು ಸಲ ಬಿಸಿ ಮಾಡಿ ಇಡುತ್ತಿದ್ದೆ, ಅದನ್ನೇ ದೊಡ್ಡ ಧಾರಾಳತನ ಅಂದುಕೊಂಡಿದ್ದೆ.

ಆ ಶನಿವಾರ ಜರಡಿ ವಾಪಸು ಕೊಡಲು ಮೂಲೆಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಅವಳು ಡಬ್ಬಿಯ ಮುಚ್ಚಳ ತೆಗೆದಳು. ಉಬ್ಬಿದ್ದ ಮುಚ್ಚಳ ಟಪ್ಪೆಂದು ಬಿಟ್ಟುಕೊಂಡಿತು. ಸಾಂಬಾರಿನ ಮೇಲೆ ಬಿಳಿ ಪೊರೆ, ನಡುವೆ ಲೋಳೆಯಾದ ಬೆಂಡೆಕಾಯಿ. ಹುಳಿ ವಾಸನೆ ನಾನು ನಿಂತಿದ್ದಲ್ಲಿಗೂ ಬಂತು.

"ಏಯ್, ಮೂಸಿ ನೋಡ್ತೀಯಲ್ಲೇ, ತಗೊಂಡ್ಹೋಗು," ಅಂದರು ಓನರಮ್ಮ.

"ಹಳಸೈತ್ರೀ ಅಮ್ಮಾರ. ಮ್ಯಾಲ ನೊರಿ ಬಂದೈತಿ ನೋಡ್ರಿ."

"ಕುದಿಸ್ಕೊಂಡ್ರೆ ಏನೂ ಆಗಲ್ಲ. ನಿಮಗೆಲ್ಲ ಅಭ್ಯಾಸ ಇರುತ್ತೆ."

"ಹಂಗಾರ ನೀವೊಂದ್ ತುತ್ತು ಉಣ್ರಿ. ಆಮ್ಯಾಲ ನಾ ಒಯ್ತೀನಿ."

ದನಿ ಏರಿಸಲಿಲ್ಲ. ಮೋರಿಗೆ ಸುರಿದಳು, ಡಬ್ಬಿ ತೊಳೆದು ಬೋರಲು ಹಾಕಿದಳು, ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

"ನೋಡಿದ್ರಾ ಕೊಬ್ಬು!" ಎಂದು ಓನರಮ್ಮ ನನ್ನ ಕಡೆ ತಿರುಗಿದರು. ನಾನು ಜರಡಿ ಇಟ್ಟು ಬಂದೆ.

ಸೋಮವಾರ ಸೊಪ್ಪಿನ ಗಾಡಿಯ ಹತ್ತಿರ ಓನರಮ್ಮನ ಪಂಚಾಯಿತಿ. "ಕೊಟ್ಟಿದ್ದನ್ನ ಕಣ್ಣೆದುರೇ ಚೆಲ್ತಾಳೆ ಅಂದ್ರೆ ಎಷ್ಟಿರಬೇಕು! ನಾಳೆಯಿಂದ ನಂಗೆ ಅವಳು ಬೇಡ. ನೀವುಗಳು ಇಟ್ಕೊಂಡ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಆಮೇಲೆ ನನಗೆ: "ನೀವೇ ಇದ್ರಲ್ಲ ಅಲ್ಲಿ, ಹೇಳಿ ಇವರಿಗೆ."

ಎಲ್ಲರೂ ನನ್ನತ್ತ ನೋಡಿದರು. ಸಾಂಬಾರು ಹಳಸಿತ್ತು ಎಂದರೆ ಸಾಕಿತ್ತು. ಆದರೆ ನಮ್ಮ ನಲ್ಲಿ ಒಣಗಿದ ದಿನಗಳಲ್ಲಿ ನೀರು ಬಿಡುತ್ತಿದ್ದುದು ಓನರಮ್ಮನ ಬೋರ್‌ವೆಲ್.

"ಸ್ವಲ್ಪ ಬಾಯಿಜೋರು," ಅಂದೆ.

'ಸ್ವಲ್ಪ' ಎಂದು ಸೇರಿಸಿದ್ದಕ್ಕೆ ಆ ಕ್ಷಣ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ನೆನೆದರೆ ಈಗಲೂ ಅಸಹ್ಯ.

ಮರುದಿನ ಅವಳಿಗೆ ಮೂರು ಗೇಟಿನಲ್ಲೂ ಬೇಡ ಎಂದರು. ನನ್ನ ಮನೆ ಕೊನೆಯದು. ಅರ್ಧ ತೆರೆದ ಬಾಗಿಲಿನಿಂದ, "ಇನ್ಮೇಲೆ ನಾವೇ ತೊಳ್ಕೋತೀವಮ್ಮ, ಬೇಜಾರು ಮಾಡ್ಕೋಬೇಡ," ಅಂದೆ.

ಅವಳು ಬಯ್ಯಲಿಲ್ಲ. "ನೀವು ಅಲ್ಲೇ ಇದ್ರಲ್ರೀ ಅಕ್ಕಾರ. ವಾಸನಿ ನಿಮಗೂ ಬಂದಿತ್ತಲ್ರೀ?" ಎಂದು ಕೇಳಿದಳು. ಆಮೇಲೆ ಗೇಟು ಹಾಕಿಕೊಂಡು, ಚಿಲಕವನ್ನೂ ಸರಿಸಿ ಹೋದಳು.

ಒಳಗೆ ಬಂದು ಫ್ರಿಜ್ ತೆಗೆದೆ. ಅವಳಿಗೆಂದು ಎತ್ತಿಟ್ಟು ಶನಿವಾರ ಕೊಡಲು ಮರೆತಿದ್ದ ಗುರುವಾರದ ಹುಳಿ ಒಂದು ಬಟ್ಟಲಲ್ಲಿತ್ತು. ಎರಡು ಸಲ ಕರೆಂಟು ಹೋಗಿ ಬಂದು ಅದರ ಮೇಲೂ ಪೊರೆ ಕಟ್ಟಿತ್ತು. ಕುದಿಸಿದೆ, ಚೆನ್ನಾಗಿಯೇ ಕುದಿಸಿದೆ. ಒಂದು ಚಮಚ ಬಾಯಿಗೆ ಇಟ್ಟೆ. ನುಂಗಲಾಗಲಿಲ್ಲ. ಸಿಂಕಿಗೆ ಉಗಿದು ಬಾಯಿ ಮುಕ್ಕಳಿಸಿದೆ, ಮತ್ತೆ ಮುಕ್ಕಳಿಸಿದೆ. ಹಿತ್ತಲಲ್ಲಿ ಬೆಳಗಿನ ಪಾತ್ರೆಗಳು ರಾಶಿ ಬಿದ್ದಿದ್ದವು. ಸೆರಗು ಸಿಕ್ಕಿಸಿಕೊಂಡು ಅವಳು ಕೂರುತ್ತಿದ್ದ ಕಲ್ಲಿನ ಮೇಲೆ ಕೂತೆ.