ಚೀಟಿ ಇಲ್ಲದ ಮೂರು ವರ್ಷ

ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತಾರು ವರ್ಷದಿಂದ ಇರುವ ಗುಮಾಸ್ತೆಯನ್ನು ಎಲ್ಲರೂ ಫೈಲಕ್ಕ ಎನ್ನುತ್ತಾರೆ. ಎದುರಿನ ಮೇಜು ನನ್ನದು. ಒಂದು ಫೈಲು ತಪ್ಪು ಕಪಾಟಿಗೆ ಹೋದರೆ ಸಾಕು, ನನ್ನ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ಅಂಥವರು ಸ್ವಂತ ಗಂಡನಿಗೆ ಮಾತ್ರ ಒಂದು ದಿನವೂ ಹೊರರೋಗಿ ಚೀಟಿ ಮಾಡಿಸಲಿಲ್ಲ.

ಸಿಬ್ಬಂದಿಯ ಮನೆಯವರು ಚೀಟಿಗಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ. ಅದು ನಮ್ಮಲ್ಲೊಂದು ಗತ್ತು. ಫೈಲಕ್ಕನ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಮರಗೆಲಸದವರು. ಕೊರೊನಾದಲ್ಲಿ ಹನ್ನೊಂದು ದಿನ ವಾರ್ಡಿನಲ್ಲಿದ್ದು ಮನೆಗೆ ಹೋದ ಮೇಲೆ ಅವರ ಉಸಿರು ನೆಟ್ಟಗಾಗಲೇ ಇಲ್ಲ. ಉಳಿ ಹಿಡಿದರೆ ಕೈ ನಡುಗುತ್ತಿತ್ತು. ತಿಂಗಳಿಗೊಮ್ಮೆ ಅಕ್ಕ ಅವರನ್ನು ಹಿಂಬಾಗಿಲಿನಿಂದ ಕರೆತರುತ್ತಿದ್ದರು. ಸಿಕ್ಕ ಡಾಕ್ಟರು ಕಾರಿಡಾರಿನಲ್ಲೇ ಎದೆ ಪರೀಕ್ಷಿಸಿ, ಮಾತ್ರೆ ಕೊಟ್ಟು ಕಳಿಸುತ್ತಿದ್ದರು.

"ಹೆಂಡ್ತಿ ಕೃಪೆ, ರಾಜಮರ್ಯಾದೆ," ಎಂದು ಭಾವ ಏದುಸಿರಲ್ಲೇ ನಗುತ್ತಿದ್ದರು. ಹೀಗೇ ಮೂರು ವರ್ಷ. ಕೊನೆಗೊಂದು ಬೆಳಿಗ್ಗೆ, ಮನೆಯಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಕುಸಿದವರು ಮತ್ತೆ ಏಳಲಿಲ್ಲ.

ಈ ವರ್ಷ, ಕೊರೊನಾ ಗೆದ್ದವರಿಗೆ ಆಮೇಲೆ ಏನೇನಾಯಿತೆಂದು ಹಳೆಯ ದಾಖಲೆಗಳಿಂದ ಪತ್ತೆಹಚ್ಚುವ ಕೆಲಸ ನಮ್ಮ ರೂಮಿಗೆ ಬಂತು. ನಿಯಮ ಸರಳ: ಡಿಸ್ಚಾರ್ಜ್ ಆದ ಮೇಲೆ ಒಂದು ಚೀಟಿಯೂ ಇಲ್ಲದವರ ಮುಂದೆ "ತೊಂದರೆ ಇಲ್ಲ" ಎಂದು ಬರೆಯಬೇಕು.

ಭಾವನ ಫೈಲು ಅಕ್ಕನ ಕೈಗೇ ಬಂತು. ಗಂಡನ ಆ ಮೂರು ವರ್ಷದ ಸಂಕಟ ಎಲ್ಲಾದರೂ ಒಂದು ಕಡೆ ಉಳಿಯಲಿ ಎಂಬುದಷ್ಟೇ ಅವರ ಆಸೆ. ಸೀದಾ ಈ ಅಧ್ಯಯನ ನಡೆಸುವ ಡಾಕ್ಟರಮ್ಮನ ಹತ್ತಿರ ಹೋದರು. ನಾನೂ ಹಿಂದೆಯೇ ಓಡಿದೆ.

"ಮೇಡಂ, ಇವ್ರು ಪ್ರತಿ ತಿಂಗ್ಳೂ ಬರ್ತಿದ್ರು. ನಾನೇ ಕರ್ಕೊಂಡು ಬರ್ತಿದ್ದೆ. ಸೇರಿಸ್ಕೊಳ್ಳಿ."

"ಚೀಟಿ?"

"ಇಲ್ಲ."

ಡಾಕ್ಟರಮ್ಮ ಎದ್ದು ಬಂದು ಅಕ್ಕನ ಕೈ ಹಿಡಿದುಕೊಂಡರು. "ಬಾಯಿಮಾತು ಸೇರಿಸೋಕಾಗಲ್ಲಮ್ಮ. ನಿಮಗೆ ಗೊತ್ತಿಲ್ದೇ ಇರೋದಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಆ ನಿಯಮದ ಮೇಲೋ, ಅಕ್ಕನ ಗತ್ತಿನ ಮೇಲೋ, ಇವತ್ತಿಗೂ ಗೊತ್ತಿಲ್ಲ. ರೂಮಿಗೆ ವಾಪಸು ಬಂದ ಮೇಲೆ, "ಈ ಫೈಲು ಕಾಣೆ ಅಂತ ಬರೆದ್ಬಿಡ್ತೀನಿ ಬಿಡಿ ಅಕ್ಕ," ಅಂದೆ.

"ಬಾಯ್ಮುಚ್ಚು. ನನ್ನ ರೂಮಲ್ಲಿ ಫೈಲು ಕಾಣೆಯಾಗಲ್ಲ."

ಕೂತರು. ಗಂಡನ ಹೆಸರು, ವಯಸ್ಸು, ವಾರ್ಡು ಬರೆದರು. ಕೊನೆಯ ಕಾಲಮಿನಲ್ಲಿ "ತೊಂದರೆ ಇಲ್ಲ" ಎಂದು ತುಂಬಿ, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಆಮೇಲೆ ಮೇಜಿಗೆ ಹಣೆ ಹಚ್ಚಿ, "ಅವ್ರಿಗೆ ಉಸಿರೇ ಆಡ್ತಿರ್ಲಿಲ್ಲ ಕಣೇ," ಎಂದು ಜೋರಾಗಿ ಅತ್ತರು.